ಹಿಮದ ಓಟ, ನೆಲದ ಪಾಠ

ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿಗೆ ಸಾಗುವ ರಸ್ತೆಯ ಅಕ್ಕಪಕ್ಕ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್. ಇಲ್ಲಿ ಹಿಮವೆಂದರೆ ಮಾಗಿಯ ಬೆಳಗಿನ ಮಂಜು, ಅಷ್ಟೇ. ಆದರೂ ಇದೇ ರಸ್ತೆ ಮುಟ್ಟುವ ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದ ಕೊರಾಲ್ಕೊದಲ್ಲಿ 5 ಕಿ.ಮೀ. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದರು.

ಕ್ರಾಸ್‌ಕಂಟ್ರಿ ಎಂದರೆ ಬೆಟ್ಟದಿಂದ ಜಾರಿ ಇಳಿಯುವುದಷ್ಟೇ ಅಲ್ಲ. ಏರು, ಇಳಿಜಾರು, ಬಯಲು ಎಲ್ಲವನ್ನೂ ಸ್ವಂತ ಉಸಿರಿನ ಬಲದಲ್ಲೇ ದಾಟಬೇಕು. ಆ ಬಲ ವ್ಯರ್ಥವಾಗದಂತೆ ಕಾಯುವುದು ಕಾಲಡಿಯ ಸ್ಕೀ.

ಕ್ಲಾಸಿಕ್ ಶೈಲಿಯ ಸ್ಕೀಯನ್ನು ನೆಲಕ್ಕಿಟ್ಟರೆ ತುದಿಗಳೆರಡು ತಾಗುತ್ತವೆ, ನಡು ಬಿಲ್ಲಿನಂತೆ ಎದ್ದಿರುತ್ತದೆ. ಜೋಡಿ ಸ್ಕೀ ಮೇಲೆ ಸಮಭಾರ ಹಾಕಿ ನಿಂತಾಗ ನಡುವಿನಡಿ ಇಟ್ಟ ಕಾಗದದ ಹಾಳೆ ಸಲೀಸಾಗಿ ಸರಿದಾಡಬೇಕು. ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿದಾಗ ಹಾಳೆ ಸಿಕ್ಕಿಕೊಳ್ಳಬೇಕು. ಜಾರುವಾಗ ನಡು ಮೇಲಿರಬೇಕು, ಒದೆಯುವಾಗ ಹಿಮವನ್ನು ಕಚ್ಚಬೇಕು. ಆಳಿನ ತೂಕಕ್ಕೆ ಹೊಂದದ ಸ್ಕೀ ಎರಡನ್ನೂ ಕೆಡಿಸುತ್ತದೆ. ಇನ್ನು ಜಾರುವ ಭಾಗಕ್ಕೆ ಇಸ್ತ್ರಿ ಪೆಟ್ಟಿಗೆಯಿಂದ ಮೇಣ ಕರಗಿಸಿ ಬಳಿದು, ಆರಿದ ಮೇಲೆ ಹೆರೆದು, ಬ್ರಷ್‌ನಿಂದ ಉಜ್ಜುತ್ತಾರೆ. ಹಿಮದ ತಣುಪು ಬದಲಾದರೆ ಮೇಣವೂ ಬದಲು.

ಇಂಥ ಸೂಕ್ಷ್ಮ ಓಡಿದವರಿಗೇ ಚೆನ್ನಾಗಿ ಗೊತ್ತು. ಫ್ರಾನ್ಸಿನ ಎಮಿಲ್ ಅಲೆ 1937ರಲ್ಲಿ ಇಳಿಜಾರಿನ ಸ್ಕೀಯಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ಮುಂದೆ ಕೋಚ್ ಆದರು, ರೊಸಿನ್ಯೋಲ್ ಕಂಪನಿಯ ಸ್ಕೀಗಳ ವಿನ್ಯಾಸಕ್ಕೂ ಕೈಜೋಡಿಸಿದರು. 1960ರ ಒಲಿಂಪಿಕ್ಸ್‌ನಲ್ಲಿ ಜಾನ್ ವುವಾರ್ನೆ ಡೌನ್‌ಹಿಲ್ ಚಿನ್ನ ಗೆದ್ದದ್ದು ಅವರ ಹೆಸರಿನ 'ಅಲೆ 60' ಲೋಹದ ಸ್ಕೀ ಮೇಲೆ. ಓಟಗಾರನ ಅನುಭವ ಕೋಚಿನ ಮಾತಾಗಿ, ಕಾರ್ಖಾನೆಯ ಅಚ್ಚಾಗಿ ಉಳಿದದ್ದು ಹೀಗೆ.

ನಮಗೂ ಅಂಥ ಕೊಂಡಿ ಬೇಕು. ಹಿಮವಿಲ್ಲದಿದ್ದರೂ ಗಾಲಿ ಕಟ್ಟಿದ ರೋಲರ್ ಸ್ಕೀ ಇದ್ದರೆ ಡಾಂಬರು ರಸ್ತೆಯಲ್ಲೇ ಅಭ್ಯಾಸ ಸಾಧ್ಯ. ಹಿಮದ ನಾಡಿನವರೂ ಬೇಸಿಗೆಯಲ್ಲಿ ಮಾಡುವುದು ಇದನ್ನೇ. ಸ್ಪರ್ಧೆಯಲ್ಲಿ ಓಡಿದವರೊಬ್ಬರು ಹುಣಸೂರಿನಲ್ಲೋ ಎಚ್.ಡಿ. ಕೋಟೆಯಲ್ಲೋ ಮಕ್ಕಳ ಮುಂದೆ ನಿಂತು ಕಲಿಸಲಿ, ಅವರ ಕಾಲಿಗೆ ಹೊಂದುವ ಸಲಕರಣೆ ಸಜ್ಜುಮಾಡಲಿ. ಮೊದಲ ಪಾಠಕ್ಕೆ ಹಿಮಾಲಯದವರೆಗೆ ಹೋಗಬೇಕಿಲ್ಲ. ಶಾಲೆಯ ಜಗಲಿ, ಒಂದು ಜೊತೆ ಸ್ಕೀ, ಅದರಡಿ ಸರಿಸಲು ನೋಟ್‌ಬುಕ್ಕಿನದೊಂದು ಹಾಳೆ ಇದ್ದರೆ ಸಾಕು.