ಲಾಕ್‌ಡೌನಿನಲ್ಲಿ ಕೊಂಡ ಕಂಪ್ಯೂಟರ್‌ಗೆ ಎರಡು ಗಂಡಾಂತರ

2020ರಲ್ಲಿ ಶಾಲೆ-ಕಾಲೇಜುಗಳೆಲ್ಲ ಮನೆಯ ಹಜಾರಕ್ಕೆ ಬಂದಾಗ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಎಷ್ಟೋ ಮನೆಗಳಿಗೆ ಮೊದಲ ಸಲ ಕಂಪ್ಯೂಟರ್ ಕಾಲಿಟ್ಟಿತು. ಹೊಸದಕ್ಕೆ ಹಣ ಹೊಂದಿಸಲಾಗದವರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಮಾಲು ತಂದರು. ಆನ್‌ಲೈನ್ ಕ್ಲಾಸ್ ಮುಗಿಯಿತು, ಯಂತ್ರ ಉಳಿಯಿತು. ಅದರೊಳಗೀಗ ನಾಮಕರಣದ ಫೋಟೊ, ಎಂಜಿನಿಯರಿಂಗ್ ಓದುವ ಮಗಳ ಪ್ರಾಜೆಕ್ಟ್ ವರದಿ, ಅಡಕೆ-ಕೊಬ್ಬರಿಯ ಲೆಕ್ಕ, ಸ್ಕ್ಯಾನ್ ಮಾಡಿಸಿದ ಕ್ರಯಪತ್ರ ಎಲ್ಲವೂ ಸೇರಿಕೊಂಡಿವೆ. ಈ ಯಂತ್ರಗಳಿಗೆ ಎರಡು ಗಂಡಾಂತರ ಏಕಕಾಲಕ್ಕೆ ಎದುರಾಗಿವೆ. ಹಾರ್ಡ್‌ಡಿಸ್ಕ್‌ಗೆ ವಯಸ್ಸಾಗಿದೆ, ವಿಂಡೋಸ್‌ನ ಕಾವಲು ತಪ್ಪುತ್ತಿದೆ.

ಮೊದಲು ಡಿಸ್ಕಿನ ವಿಷಯ. ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಸುಮಾರು 25 ಸಾವಿರ ಡಿಸ್ಕ್‌ಗಳ ಲೆಕ್ಕ ಇಟ್ಟು 2013ರಲ್ಲಿ ಪ್ರಕಟಿಸಿತು. ಮೊದಲ ಒಂದೂವರೆ ವರ್ಷ ವರ್ಷಕ್ಕೆ ಶೇ 5.1ರಷ್ಟು ಡಿಸ್ಕ್‌ಗಳು ಕೆಟ್ಟವು. ಮುಂದಿನ ಒಂದೂವರೆ ವರ್ಷ ಶೇ 1.4. ಮೂರು ವರ್ಷ ದಾಟಿದ ಮೇಲೆ ಇದು ಶೇ 11.8ಕ್ಕೆ ಜಿಗಿಯಿತು. ನಾಲ್ಕು ವರ್ಷಕ್ಕೆ ನೂರರಲ್ಲಿ ಎಂಬತ್ತು ಉಳಿದಿದ್ದವು. ಆಮೇಲೆ ಬಂದ ಡಿಸ್ಕ್‌ಗಳು ಇನ್ನೂ ಗಟ್ಟಿ, ನಿಜ. ಆದರೆ ಆ ಕಂಪನಿಯ ಡಿಸ್ಕ್‌ಗಳು ಇದ್ದದ್ದು ಕರೆಂಟ್ ಹೋಗದ ಹವಾನಿಯಂತ್ರಿತ ಕೋಣೆಯಲ್ಲಿ. ನಮ್ಮವು ಇರುವುದು ಏಪ್ರಿಲ್-ಮೇ ಗುಡುಗಿಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಮನೆಗಳಲ್ಲಿ. ಆರು ವರ್ಷದ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿರುತ್ತದೆ. ಸದಾ ಚಾರ್ಜರ್ ಚುಚ್ಚಿಟ್ಟೇ ಕೆಲಸ. ಲೈನ್ ಟ್ರಿಪ್ ಆದೊಡನೆ ಅದೂ ಆರಿಹೋಗುತ್ತದೆ. ಕಡತ ಬರೆಯುತ್ತಿರುವಾಗಲೇ ಆರಿದರೆ ಡಿಸ್ಕಿನ ಮೇಲಿನ ವಿಳಾಸಪಟ್ಟಿಯೇ ಕಲಸಿಹೋಗಬಹುದು.

ಕೆಡುವ ಮುನ್ನ ಡಿಸ್ಕ್ ಸೂಚನೆ ಕೊಡುತ್ತದಲ್ಲ ಎನ್ನುವವರುಂಟು. ಕೆಲವು ಸಲ ಕೊಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದರೆ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟ ದಾಖಲೆ ಕಾಣುತ್ತದೆ. ನೀಲಿ ಇದ್ದರೆ ಸದ್ಯಕ್ಕೆ ಪರವಾಗಿಲ್ಲ, ಹಳದಿ ಬಂದರೆ ಅಂದೇ ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕು. 2007ರಲ್ಲಿ ಗೂಗಲ್‌ನ ಸಂಶೋಧಕರು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಪರಿಶೀಲಿಸಿ ಹೇಳಿದ್ದು ಇದು: ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಮಾತು ನೆಮ್ಮದಿ ಕೆಡಿಸುವಂಥದ್ದು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ವೇಗಕ್ಕೆಂದು ಹಾಕಿಸಿದ ಎಸ್‌ಎಸ್‌ಡಿಯಂತೂ ಕೆಡುವ ಹಾರ್ಡ್‌ಡಿಸ್ಕಿನಂತೆ ಟಕ್ ಟಕ್ ಶಬ್ದವನ್ನೂ ಮಾಡುವುದಿಲ್ಲ. ರಾತ್ರಿ ಆಫ್ ಮಾಡಿದ್ದು ಬೆಳಗ್ಗೆ ಕಾಣಿಸದೇ ಹೋಗಬಹುದು.

‘ಎಲ್ಲಾ ಡಿ ಡ್ರೈವ್‌ಗೆ ಹಾಕಿಟ್ಟಿದ್ದೀನಿ, ಏನೂ ಆಗಲ್ಲ’ ಎಂಬ ಧೈರ್ಯದ ಮಾತನ್ನು ಕೇಳದ ರಿಪೇರಿ ಅಂಗಡಿಯಿಲ್ಲ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾಲು. ‘ಫಾರ್ಮ್ಯಾಟ್ ಹೊಡಿಸಿದರೆ’ ಡಿ ಉಳಿಯುತ್ತದೆ ಎನ್ನುವುದು ಸರಿ, ಆ ಅನುಭವದಿಂದಲೇ ಈ ನಂಬಿಕೆ ಹುಟ್ಟಿರುವುದು. ಡಿಸ್ಕೇ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ.

ಇನ್ನು ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಮನೆಬಳಕೆಯವರಿಗೆ ಒಂದು ವರ್ಷದ ವಿಸ್ತರಣೆ ಕೊಟ್ಟಿತು. ಅದರ ಗಡುವು 2026ರ ಅಕ್ಟೋಬರ್ 13. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಪುಟಕ್ಕೆ ಹೋಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಅದು. ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಎಂಟನೆಯದು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. 2020ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಬಂದ ಯಂತ್ರಗಳಲ್ಲಿ ಬಹಳಷ್ಟು ಅದಕ್ಕೂ ಹಳೆಯವು. ಅಂಥದ್ದರಲ್ಲಿ ಅಡ್ಡದಾರಿಯಿಂದ 11 ಹಾಕಿಕೊಡುವವರಿದ್ದಾರೆ. ಅವಕ್ಕೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ಇಂಟರ್ನೆಟ್ ನೋಡುವುದು, ಪತ್ರ ಬರೆಯುವುದು ಇಷ್ಟೇ ಕೆಲಸವಿದ್ದರೆ ಅದರ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅಪ್‌ಡೇಟ್ ಇಲ್ಲದಿದ್ದರೇನು, ನಡೆಯುತ್ತದಲ್ಲ? ನಡೆಯುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶದ ಹಾವಳಿಯ ಹಿಂದಿನ ದಿನದವರೆಗೆ ಅದಕ್ಕೆ ಬಲಿಯಾದ ಕಂಪ್ಯೂಟರ್‌ಗಳೂ ನಡೆಯುತ್ತಿದ್ದವು. ಅದು ಬಳಸಿಕೊಂಡ ಬಿರುಕಿಗೆ ತೇಪೆ ಬಿಡುಗಡೆಯಾದದ್ದು 2017ರ ಮಾರ್ಚ್ 14ರಂದು. ದಾಳಿಯಾದದ್ದು ಮೇ 12ರಂದು. ಎರಡು ತಿಂಗಳು ಸಮಯವಿದ್ದೂ ತೇಪೆ ಹಾಕಿಕೊಳ್ಳದ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬೀಗ ಹಾಕಿಸಿಕೊಂಡವು. ಬ್ರಿಟನ್ನಿನ ಆಸ್ಪತ್ರೆಗಳ ಸುದ್ದಿ ದೊಡ್ಡದಾಯಿತು. ನಮ್ಮ ಗಡಿಯಾಚೆಯ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಚೇರಿಗೂ ಅದು ತಟ್ಟಿತ್ತು. ವಿಂಡೋಸ್ 10ಕ್ಕೆ ಗಡುವಿನ ನಂತರ ತೇಪೆಯೇ ಇರುವುದಿಲ್ಲ.

ಮನೆಗಳನ್ನೇ ಹುಡುಕಿ ಬರುವ ಪಿಡುಗು ಇನ್ನೊಂದಿದೆ, ಸ್ಟಾಪ್ ಅಥವಾ ದ್‌ಜೆವು ಹೆಸರಿನದು. ಕ್ರ್ಯಾಕ್ ಮಾಡಿದ ಫೋಟೊಶಾಪ್, ವಿಂಡೋಸ್ ‘ಆ್ಯಕ್ಟಿವೇಟರ್’ ಇಂಥವುಗಳೊಳಗೆ ಅಡಗಿ ಬರುತ್ತದೆ. ಬೆಳಗ್ಗೆ ನೋಡಿದರೆ ಪ್ರತಿ ಫೋಟೊದ ಹೆಸರಿನ ತುದಿಗೆ ನಾಲ್ಕು ಅಪರಿಚಿತ ಅಕ್ಷರ, ಪ್ರತಿ ಫೋಲ್ಡರ್‌ನಲ್ಲೂ ‘ರೀಡ್‌ಮಿ’ ಎಂಬ ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ ಅರ್ಧ, 490. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಇದರ 148 ಬಗೆಗಳಿಗೆ ಉಚಿತ ಕೀಲಿ ಕೊಟ್ಟಿತು. ಅದೇ ವರ್ಷದ ಆಗಸ್ಟ್ ನಂತರದ ಬಗೆಗಳಲ್ಲಿ ಹೆಚ್ಚಿನವುಗಳ ಬೀಗ ತೆರೆಯಲಾಗದು. ಸದಾ ಕಂಪ್ಯೂಟರ್‌ಗೆ ಚುಚ್ಚಿಯೇ ಇಟ್ಟ ಎಕ್ಸ್‌ಟರ್ನಲ್ ಡಿಸ್ಕಿಗೂ ಇದು ಬೀಗ ಜಡಿಯುತ್ತದೆ.

ಹಾಗಾದರೆ ಏನನ್ನು ಕಾಪಾಡಬೇಕು? ಎಲ್ಲವನ್ನೂ ಅಲ್ಲ. ಪಹಣಿ ಹೋದರೆ ನಾಳೆ ಮತ್ತೆ ತೆಗೆಸಬಹುದು, ಸಿನಿಮಾ ಮತ್ತೆ ಸಿಗುತ್ತದೆ. ಮತ್ತೆ ಸಿಗದ್ದನ್ನು ಒಂದೇ ಫೋಲ್ಡರ್‌ಗೆ ತನ್ನಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರ ಸುಲಭ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ. ತುಮಕೂರಿನ ಡಿಸ್ಕಿನ ಒಂದು ಪ್ರತಿ ಕುಣಿಗಲ್‌ನ ತಂಗಿಯ ಬೀರುವಿನಲ್ಲಿರಲಿ, ಅವಳದು ನಿಮ್ಮಲ್ಲಿ. ಗೂಗಲ್ ಫೋಟೊಸ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. 2021ರ ಜೂನ್‌ನಿಂದ ಅದರ ಚಿತ್ರಗಳೂ 15 ಜಿಬಿ ಲೆಕ್ಕಕ್ಕೇ ಸೇರುತ್ತವೆ, ಫೋನಿನಲ್ಲಿ ಆ ಆ್ಯಪ್‌ನಿಂದ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ, ಡಿಟಿಪಿ ಅಂಗಡಿಯವರಿಗೆ ಒಂದು ಮಾತು ಹೆಚ್ಚು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತಗಳು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು-ಚುಕ್ಕೆ ಬಿದ್ದ ಕಲಬೆರಕೆಯಷ್ಟೇ ಕಾಣುವುದು. ಹೊಸ ವಿಂಡೋಸ್ ಹಾಕಿಸಿದ ದಿನವೇ ಈ ಆಘಾತ. ಆದ್ದರಿಂದ ಕಡತದ ಜೊತೆಗೆ ಫಾಂಟನ್ನೂ ನಕಲು ಮಾಡಿ, ಮುಖ್ಯವಾದದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಇಡಿ.

ಮಿಕ್ಕದ್ದು ಸಣ್ಣ ಕೆಲಸ. ಗುಡುಗು ಶುರುವಾದರೆ ಪ್ಲಗ್ಗಿನ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಫ್ಯಾನಿನ ಧೂಳನ್ನು ಕರೆಂಟ್ ತೆಗೆದು ಬ್ರಷ್‌ನಿಂದ ತೆಗೆಯಿರಿ. ಈ ಭಾನುವಾರವೇ ಒಂದು ಡಿಸ್ಕಿಗೆ ನಕಲು ಮಾಡಿ ಕೇಬಲ್ ಬಿಚ್ಚಿ; ಆಮೇಲೆ ಅದನ್ನು ಪಕ್ಕದ ಮನೆಯ ಕಂಪ್ಯೂಟರ್‌ಗೆ ಹಾಕಿ ಒಂದು ಫೋಟೊ, ಒಂದು ಕನ್ನಡ ಕಡತ ತೆರೆದು ಓದಿ ನೋಡಿ.