ವ್ಯಾಯಾಮಾರಂಭಕ್ಕೆ ಮೊದಲು ದೇಹಪರೀಕ್ಷೆ

ಹಿಂದೆ ದೊಡ್ಡ ನಗರಗಳಲ್ಲಿ ಮಾತ್ರ ಕಾಣುತ್ತಿದ್ದ ಜಿಮ್‌ಗಳು ಇಂದು ತಾಲ್ಲೂಕು ಸ್ಥಳಗಳಲ್ಲಿಯೂ ತಲೆಯೆತ್ತಿವೆ. ಅಲ್ಲಿಗೆ ಹೋಗುವವರು ಹುಡುಗರಷ್ಟೇ ಅಲ್ಲ. ಐವತ್ತು ದಾಟಿದ ವ್ಯಾಪಾರಸ್ಥರು, ನಿವೃತ್ತ ಶಿಕ್ಷಕರು, ದೂರದ ಊರಿನಲ್ಲಿರುವ ಮಕ್ಕಳ ಒತ್ತಾಯಕ್ಕೆ ಮಣಿದ ತಾಯಂದಿರು ಕೂಡ ತಿಂಗಳ ಶುಲ್ಕ ಕಟ್ಟಿ, ಪ್ರತ್ಯೇಕ ತರಬೇತುದಾರರನ್ನು ಗೊತ್ತುಮಾಡಿಕೊಂಡು ವ್ಯಾಯಾಮಕ್ಕೆ ತೊಡಗುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಣ ಕಟ್ಟಿದ ಮರುದಿನವೇ ಕೈಗೆ ಡಂಬೆಲ್ ಬರುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಅನೇಕ ಕಡೆ ಯಾರೂ ಕೇಳುವುದಿಲ್ಲ, ಸೇರುವವರೂ ತಾವಾಗಿ ಹೇಳುವುದಿಲ್ಲ. ಈ ಸಂಚಿಕೆಯಲ್ಲಿ ಆ ಪ್ರಶ್ನೆಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ವಿವರಿಸಲು ಬಯಸುತ್ತೇವೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಕಾಲಿಕವಾಗಿ ಅಗಲಿದಾಗ ನಾಡೆಲ್ಲ ಕಂಗಾಲಾದುದು ನಮ್ಮೆಲ್ಲರಿಗೂ ನೆನಪಿದೆ. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಆ ಭಯದಿಂದ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಹುಟ್ಟಿದವು. ವ್ಯಾಯಾಮವೇ ಅಪಾಯಕರವೆಂದು ಭಾವಿಸಿ ಕೆಲವರು ನಡೆಯುವುದನ್ನೂ ಬಿಟ್ಟರು. ಇನ್ನು ಕೆಲವರು ಯಾವ ತೊಂದರೆಯೂ ಇಲ್ಲದಿದ್ದರೂ ಸಾವಿರಾರು ರೂಪಾಯಿ ವೆಚ್ಚಮಾಡಿ ಸಾಲು ಸಾಲು ಪರೀಕ್ಷೆ ಮಾಡಿಸಿಕೊಂಡು, ವರದಿ ಚೆನ್ನಾಗಿದೆಯೆಂಬ ಒಂದೇ ಧೈರ್ಯದಿಂದ ಮರುದಿನ ಮೈಮುರಿಯೆ ಭಾರ ಎತ್ತತೊಡಗಿದರು. ನಮ್ಮ ದೃಷ್ಟಿಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರ. ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಆ ಕ್ಷಣದ ಹೃದಯವನ್ನು ತೋರಿಸುತ್ತದೆಯೇ ಹೊರತು ಶ್ರಮದ ವೇಳೆಯಲ್ಲಿ ಅದು ಹೇಗೆ ನಡೆದುಕೊಂಡೀತೆಂಬುದನ್ನಲ್ಲ.

ಬಹುಕಾಲ ಕುಳಿತೇ ಕೆಲಸ ಮಾಡಿದ ದೇಹಕ್ಕೆ ಒಮ್ಮೆಲೇ ಬಿರುಸಾದ ಶ್ರಮ ಬಿದ್ದರೆ ನಾಡಿಯ ವೇಗವೂ ರಕ್ತದೊತ್ತಡವೂ ಥಟ್ಟನೆ ಏರುತ್ತವೆ. ಹೃದಯದ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದನ್ನು ಪೂರೈಸುವ ರಕ್ತನಾಳ ಕೊಬ್ಬಿನ ಪದರದಿಂದ ಕಿರಿದಾಗಿದ್ದರೆ ಪೂರೈಕೆ ಸಾಲದೆ ಬರುತ್ತದೆ. ಕೆಲವೊಮ್ಮೆ ಆ ಪದರವೇ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಇಂತಹ ಅನಾಹುತದ ಸಂಭವ ವ್ಯಾಯಾಮದ ರೂಢಿ ಇಲ್ಲದವರಲ್ಲಿ ಹೆಚ್ಚು, ನಿತ್ಯವೂ ಮಾಡುವವರಲ್ಲಿ ಬಹಳ ಕಡಿಮೆ. ಆದುದರಿಂದ ಪರೀಕ್ಷೆಯ ಉದ್ದೇಶ ಯಾರನ್ನೂ ವ್ಯಾಯಾಮದಿಂದ ದೂರವಿಡುವುದಲ್ಲ. ಯಾರು ಇಂದೇ ಆರಂಭಿಸಬಹುದು, ಯಾರು ವೈದ್ಯರನ್ನು ಕಂಡು ಬಂದು ಆರಂಭಿಸಬೇಕು ಎಂಬುದನ್ನು ವಿಂಗಡಿಸುವುದು.

ಕೆನಡಾ ದೇಶದಲ್ಲಿ 1970ರ ದಶಕದಲ್ಲಿ ಇದಕ್ಕಾಗಿ ಏಳು ಪ್ರಶ್ನೆಗಳ ಒಂದು ಸರಳ ಪತ್ರವನ್ನು ಸಿದ್ಧಪಡಿಸಿದರು. ಹೃದಯದ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ, ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಮೂಳೆ ಕೀಲುಗಳ ಬಾಧೆಯಿದೆಯೇ ಎಂಬಂತಹ, ಹೌದು ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳು ಅವು. ಅದರ ಪರಿಷ್ಕೃತ ರೂಪ ಇಂದಿಗೂ ಹಲವು ದೇಶಗಳ ಜಿಮ್‌ಗಳಲ್ಲಿ ಬಳಕೆಯಲ್ಲಿದೆ. ಅಮೆರಿಕದ ಕ್ರೀಡಾವೈದ್ಯಕೀಯ ಕಾಲೇಜು 2015ರಲ್ಲಿ ತನ್ನ ಕ್ರಮವನ್ನು ಇನ್ನೂ ಸರಳಗೊಳಿಸಿತು. ಈಗಾಗಲೇ ನಿಯತವಾಗಿ ವ್ಯಾಯಾಮ ಮಾಡುತ್ತಿದ್ದೀರಾ, ಹೃದಯ, ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆ ಇದೆಯೇ ಅಥವಾ ಅದರ ಲಕ್ಷಣಗಳು ಕಾಣುತ್ತಿವೆಯೇ, ಎಷ್ಟು ಬಿರುಸಾದ ವ್ಯಾಯಾಮ ಮಾಡಬೇಕೆಂದಿದ್ದೀರಿ ಎಂಬ ಮೂರು ಸಂಗತಿಗಳ ಮೇಲೆಯೇ ತೀರ್ಮಾನ ನಿಲ್ಲುತ್ತದೆ. ಕಾಯಿಲೆಯೂ ಲಕ್ಷಣಗಳೂ ಇಲ್ಲದವರು ಮೆಲುನಡಿಗೆಯಿಂದ ಆರಂಭಿಸಲು ವೈದ್ಯರ ಚೀಟಿ ಬೇಕಿಲ್ಲ. ಲಕ್ಷಣಗಳಿದ್ದವರು ಮಾತ್ರ, ಈ ಹಿಂದೆ ಎಷ್ಟೇ ವ್ಯಾಯಾಮ ಮಾಡಿದವರಾಗಿರಲಿ, ನಿಲ್ಲಿಸಿ ವೈದ್ಯರನ್ನು ಕಾಣಲೇಬೇಕು.

ತೊಡಕು ಇರುವುದು 'ಲಕ್ಷಣ' ಎಂಬ ಮಾತಿನಲ್ಲಿ. ನಮ್ಮ ಜನರಲ್ಲಿ ಎದೆಯ ಯಾವ ತೊಂದರೆಗೂ ಮೊದಲು ಸಿಗುವ ಹೆಸರು 'ಗ್ಯಾಸ್'. ಒಂದು ಸೋಡಾ ಕುಡಿದು, ಜೀರಿಗೆ ಅಗಿದು ಸುಮ್ಮನಾಗುತ್ತಾರೆ. ತರಬೇತುದಾರ 'ಎದೆನೋವು ಇದೆಯೇ' ಎಂದು ಕೇಳಿದರೆ 'ಇಲ್ಲ' ಎನ್ನುತ್ತಾರೆ, ಏಕೆಂದರೆ ಅವರಿಗೆ ಅದು ನೋವೆನಿಸಿಲ್ಲ. ಎದೆ ಬಿಗಿದಂತೆ, ಯಾರೋ ಕಲ್ಲು ಹೇರಿದಂತೆ, ಗಂಟಲು ಹಿಡಿದಂತೆ ಅನಿಸಿದೆ. ಆದುದರಿಂದ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕು. ಬೆಟ್ಟದ ದೇವಸ್ಥಾನದ ಮೆಟ್ಟಿಲು ಹತ್ತುವಾಗ, ಊಟವಾದ ಮೇಲೆ ಬಿರುಸಾಗಿ ನಡೆಯುವಾಗ, ತುಂಬಿದ ಕೊಡ ಎತ್ತುವಾಗ ಎದೆಯಲ್ಲಿ, ದವಡೆಯಲ್ಲಿ, ಎಡಗೈಯಲ್ಲಿ, ಬೆನ್ನಿನಲ್ಲಿ ಏನಾದರೂ ಅನಿಸಿ, ನಿಂತರೆ ಐದು ನಿಮಿಷದಲ್ಲಿ ಇಳಿಯುತ್ತದೆಯೇ? ಶ್ರಮದೊಂದಿಗೆ ಬಂದು ವಿಶ್ರಾಂತಿಯೊಂದಿಗೆ ಹೋಗುವ ಈ ಬಗೆಯನ್ನು ಹೊಟ್ಟೆಯ ವಾಯುವೆಂದು ತಳ್ಳಿಹಾಕಬಾರದು.

ಸ್ತ್ರೀಯರಲ್ಲಿ ಹಾಗೂ ಬಹುಕಾಲದ ಮಧುಮೇಹಿಗಳಲ್ಲಿ ಈ ಬಿಗಿತವೂ ಕಾಣದೆ ಇರಬಹುದು. ಮಧುಮೇಹವು ನರಗಳನ್ನು ಮಂದಗೊಳಿಸುವುದರಿಂದ ಹೃದಯದ ನೋವು ಮನಸ್ಸಿಗೆ ಮುಟ್ಟುವುದೇ ಇಲ್ಲ. ಅಂಥವರಲ್ಲಿ ಕಾರಣವಿಲ್ಲದ ಆಯಾಸ, ಮೊದಲಿಲ್ಲದ ಏದುಸಿರು, ತಣ್ಣನೆಯ ಬೆವರು ಇವೇ ಸೂಚನೆಗಳು. ಸಂಜೆಗೆ ಕಾಲು ಊದುವುದು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾಗುವುದು, ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವುದು, ಎದೆ ಡವಡವಗುಟ್ಟಿ ಕಣ್ಣು ಕತ್ತಲಿಡುವುದು ಇವೂ ಅದೇ ಸಾಲಿನವು. ತಂದೆ ಅಥವಾ ಅಣ್ಣತಮ್ಮಂದಿರಲ್ಲಿ ಯಾರಾದರೂ 55 ವರ್ಷದೊಳಗೆ, ತಾಯಿ ಅಥವಾ ಅಕ್ಕತಂಗಿಯರಲ್ಲಿ ಯಾರಾದರೂ 65ರೊಳಗೆ ಹೃದಯಾಘಾತಕ್ಕೆ ಒಳಗಾಗಿದ್ದರೆ ಅದನ್ನೂ ಹೇಳಬೇಕು.

ಮುಂದಿನದು ಔಷಧದ ವಿಚಾರ. 'ಬಿ.ಪಿ.ಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ' ಎಂದರೆ ಸಾಲದು; ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗುವುದು ಲೇಸು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆಗಳು ನಾಡಿಯ ವೇಗವನ್ನೇ ತಗ್ಗಿಸುತ್ತವೆ. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ನಾಡಿ ಲೆಕ್ಕ ಹಾಕುವ ಜಿಮ್‌ನ ಸೂತ್ರ ಸಾಮಾನ್ಯರಿಗೇ ಹತ್ತು ಹನ್ನೆರಡು ಬಡಿತಗಳಷ್ಟು ಆಚೀಚೆ ಆಗುತ್ತದೆ. ಈ ಮಾತ್ರೆ ನುಂಗುವವರಿಗಂತೂ ಅದು ಅನ್ವಯಿಸುವುದೇ ಇಲ್ಲ. ಆ ಅಂಕಿಯನ್ನು ಮುಟ್ಟಿಸಬೇಕೆಂದು ತರಬೇತುದಾರ ಓಡಿಸುತ್ತಲೇ ಹೋದರೆ ಆಗುವ ಕಷ್ಟವನ್ನು ಊಹಿಸಬಹುದು. ಅಂಥವರಿಗೆ ಮಾತೇ ಅಳತೆಗೋಲು: ಮಧ್ಯಮ ಶ್ರಮದಲ್ಲಿ ಮಾತನಾಡಲು ಬರುತ್ತದೆ, ವಚನ ಹಾಡಲು ಬರುವುದಿಲ್ಲ. ಮಾತೂ ತುಂಡಾಗತೊಡಗಿದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಕುಸಿಯುವ ಭಯವಿದೆ. ಶ್ರಾವಣ ಸೋಮವಾರದ ಉಪವಾಸವಿದ್ದು, ಮಾತ್ರೆಯನ್ನೂ ನುಂಗಿ, ಸಂಜೆ ಜಿಮ್‌ಗೂ ಹೋಗುವುದು ಈ ಮೂರು ಒಂದೇ ದಿನ ಸೇರಬಾರದು. ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕೆಂಬುದನ್ನು ವೈದ್ಯರಿಂದಲೇ ಮೊದಲು ಕೇಳಿಕೊಂಡಿರಬೇಕು. ಕೈ ನಡುಗಿ ಬೆವರು ಕಿತ್ತುಕೊಂಡು ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಜೇಬಿನಲ್ಲಿ ಇಟ್ಟಿರಬೇಕು. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲ ಕೆಟ್ಟಿರುವವರು ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಕಣ್ಣೊಳಗೆ ರಕ್ತಸ್ರಾವವಾಗುವ ಅಪಾಯವುಂಟು. ಜಿಮ್‌ಗೆ ಸೇರುವ ಮೊದಲು ಕಣ್ಣಿನ ವೈದ್ಯರನ್ನೂ ಕಾಣಬೇಕೆಂದು ಎಷ್ಟು ಜನರಿಗೆ ಹೊಳೆಯುತ್ತದೆ?

ಇಷ್ಟೆಲ್ಲ ಕೇಳಿದರೂ ನಿಜ ಹೇಳುವವರು ಕಡಿಮೆ ಎಂಬುದು ನಮ್ಮ ಅನುಭವ. ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೆಂಬ ಅಳುಕು ಕೆಲವರಿಗೆ. ಮದುವೆಯಾಗಬೇಕಾದ ಹೆಣ್ಣುಮಗಳಿಗೆ ಫಿಟ್ಸ್ ಇದೆಯೆಂದು ಊರಿಗೆಲ್ಲ ತಿಳಿದೀತೆಂಬ ಚಿಂತೆ ತಂದೆತಾಯಿಗಳಿಗೆ. ಮಾಸಿಕ ಸ್ರಾವ ಹೆಚ್ಚಾಗಿ ರಕ್ತಹೀನತೆ ಇರುವುದನ್ನು, ಹೆರಿಗೆಯ ನಂತರ ಕೆಮ್ಮಿದರೆ ಮೂತ್ರ ಸೋರುವುದನ್ನು ಇಪ್ಪತ್ತೈದರ ಹುಡುಗನ ಮುಂದೆ ಹೇಗೆ ಹೇಳುವುದೆಂಬ ಸಂಕೋಚ ತಾಯಂದಿರಿಗೆ. ಈ ಸಂಕೋಚ ಸಹಜವಾದುದು. ಅದನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಪ್ರಶ್ನಪತ್ರವನ್ನು ಮನೆಗೆ ಒಯ್ದು ತುಂಬಿ, ಮುಚ್ಚಿದ ಲಕೋಟೆಯಲ್ಲಿ ಕೊಡುವ ಪದ್ಧತಿಯನ್ನು ಜಿಮ್‌ಗಳವರು ಇಟ್ಟುಕೊಂಡರೆ ಅರ್ಧ ತೊಡಕು ಬಿಟ್ಟುಹೋಗುತ್ತದೆ. ಆ ಪತ್ರ ಇತರರ ಕಣ್ಣಿಗೆ ಬೀಳದಂತೆ ಕಾಯುವುದು ತರಬೇತುದಾರರ ಹೊಣೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿರುವ ಮಹಿಳೆಗೆ ಏದುಸಿರು ಬರುವುದು ಸೋಮಾರಿತನದಿಂದಲ್ಲವೆಂದು ಅವರಿಗೆ ತಿಳಿಯಬೇಕಾದರೆ ಆ ಸಂಖ್ಯೆ ಅವರ ಮುಂದಿರಬೇಕು.

ಪ್ರಶ್ನೆಗಳು ಮುಗಿದ ಮೇಲೆ ಅಳತೆ. ರಕ್ತದೊತ್ತಡವನ್ನು ನೋಡುವಾಗ ಆಗುವ ಅವಸರವನ್ನು ಇಲ್ಲಿ ಹೇಳಲೇಬೇಕು. ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಆಗಲೇ ಪಟ್ಟಿ ಸುತ್ತಿದರೆ ಬರುವ ಅಂಕಿ ಸುಳ್ಳು. ಅರ್ಧ ಗಂಟೆ ಮೊದಲಿಂದ ಚಹಾ, ಕಾಫಿ ಇರಬಾರದು. ಬೆನ್ನಿಗೆ ಆಧಾರ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮೌನವಾಗಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಎರಡು ಬಾರಿ ನೋಡಬೇಕು. ಬೇರೆ ಬೇರೆ ದಿನಗಳಲ್ಲಿ 140/90 ಅಥವಾ ಮೇಲೆ ಬಂದರೆ ವೈದ್ಯರ ಸಲಹೆ ಬೇಕು. 200/110 ದಾಟಿದ್ದರೆ ಆ ದಿನ ವ್ಯಾಯಾಮದ ಮಾತೇ ಬೇಡ, ನೇರವಾಗಿ ಆಸ್ಪತ್ರೆಗೆ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 60ರಿಂದ 100ರವರೆಗೆ ಇರುವುದು ವಾಡಿಕೆ.

ತೂಕದ ಯಂತ್ರಕ್ಕಿಂತ ಹೊಲಿಗೆಯವರ ಟೇಪು ಹೆಚ್ಚು ಹೇಳುತ್ತದೆ. ಭಾರತೀಯ ಪುರುಷರ ಸೊಂಟದ ಸುತ್ತಳತೆ 90 ಸೆಂ.ಮೀ., ಸ್ತ್ರೀಯರದು 80 ಸೆಂ.ಮೀ. ದಾಟಿದರೆ ಮಧುಮೇಹ, ಹೃದ್ರೋಗಗಳ ಸಂಭವ ಹೆಚ್ಚುತ್ತದೆ. ಪುರುಷರ ಮಟ್ಟಿಗೆ ಯುರೋಪಿನವರ ಮಿತಿಗಿಂತ ಇದು ಕಡಿಮೆ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ನಮ್ಮವರ ಮೈಕಟ್ಟಿನ ಗುಣ. ಕೊಬ್ಬಿನ ಪ್ರಮಾಣ, 'ದೇಹದ ವಯಸ್ಸು' ಮುಂತಾದುವನ್ನು ಕ್ಷಣದಲ್ಲಿ ಮುದ್ರಿಸಿಕೊಡುವ ಯಂತ್ರಗಳು ಈಗ ಎಲ್ಲೆಡೆ ಬಂದಿವೆ. ದೇಹದಲ್ಲಿನ ನೀರಿನಂಶ ಬದಲಾದಂತೆ ಅವುಗಳ ಅಂಕಿಯೂ ಬದಲಾಗುತ್ತದೆ. ನಲವತ್ತರವರಿಗೆ ಐವತ್ತೆಂಟರ ದೇಹವೆಂದು ಹೆದರಿಸಿ, ಅದೇ ಬಾಯಿಂದ ಪ್ರೋಟೀನ್ ಪುಡಿಯ ಡಬ್ಬಿಯ ಬೆಲೆಯನ್ನೂ ಹೇಳಿದರೆ ಪುಡಿ ಮಾರುವುದೇ ಅಳತೆಯ ಉದ್ದೇಶವೆಂದು ತಿಳಿಯಬೇಕು.

ಹಿರಿಯರಿಗೆ ನಾವು ಮೆಚ್ಚುವ ಪರೀಕ್ಷೆಗೆ ಯಂತ್ರವೇ ಬೇಡ. ಕೈಯಾಸರೆಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೊತ್ತಿಸಿ ಇಟ್ಟು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರೆಂದು ಎಣಿಸಬೇಕು. 60ರಿಂದ 64 ವರ್ಷದ ಪುರುಷರಲ್ಲಿ 14ಕ್ಕಿಂತ, ಸ್ತ್ರೀಯರಲ್ಲಿ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದೆಂದರ್ಥ. ಅಂಥವರಿಗೆ ಬೀಳುವ ಸಂಭವವೂ ಹೆಚ್ಚು. ಅವರಿಗೆ ಮೊದಲ ತಿಂಗಳ ವ್ಯಾಯಾಮ ಟ್ರೆಡ್‌ಮಿಲ್ ಅಲ್ಲ, ಈ ಎದ್ದು ಕೂರುವುದೇ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಮಂಡಿ ನೋಯುತ್ತಿದ್ದರೆ ಬಲವಂತ ಬೇಡ. 'ನಾನು ಹೊಲದಲ್ಲಿ ದುಡಿದವನು, ನನಗೇಕೆ ಪರೀಕ್ಷೆ' ಎನ್ನುವ ಹಿರಿಯರುಂಟು. ಕಾಯಕದಿಂದ ಗಳಿಸಿದ ಬಲ ದೊಡ್ಡದೇ. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಹೊಲಗಳಲ್ಲಿಯೂ ಕುಳಿತು ಮಾಡುವ ಕೆಲಸ ಹೆಚ್ಚಿದೆ. ಇಪ್ಪತ್ತು ವರ್ಷದ ಹಿಂದಿನ ದುಡಿಮೆಯ ಬಲ ಇಂದಿನ ಕಾಲಿನಲ್ಲಿ ಉಳಿದಿದೆಯೇ ಎಂಬುದನ್ನು ಕುರ್ಚಿ ಅರ್ಧ ನಿಮಿಷದಲ್ಲಿ ತಿಳಿಸುತ್ತದೆ.

ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರುಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸದ್ಭಕ್ತರಿಗೂ ಈ ಎಲ್ಲ ಮಾತು ಸಲ್ಲುತ್ತದೆ. ವರ್ಷವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತವರು ಬಿಸಿಲಿನಲ್ಲಿ ದಿನಗಟ್ಟಲೆ ನಡೆಯುವುದು ಯಾವ ಜಿಮ್‌ನ ಶ್ರಮಕ್ಕೂ ಕಡಿಮೆಯಲ್ಲ. ಹೊರಡುವುದಕ್ಕೆ ಆರು ವಾರ ಮೊದಲೇ ಒತ್ತಡ, ಸಕ್ಕರೆ ನೋಡಿಸಿಕೊಂಡು, ನಡಿಗೆಯನ್ನು ವಾರವಾರಕ್ಕೂ ಹೆಚ್ಚಿಸುತ್ತ ಬರಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯುವ ಹರಕೆ ಹೊರುವ ಮುನ್ನ ಅಂಗಾಲಿನ ಸ್ಪರ್ಶಜ್ಞಾನ ಹೇಗಿದೆಯೆಂದು ವೈದ್ಯರಿಗೆ ತೋರಿಸಬೇಕು. ಸ್ಪರ್ಶ ತಿಳಿಯದ ಕಾಲಿಗೆ ಬೊಬ್ಬೆ ಎದ್ದರೂ ತಿಳಿಯದು. ಆ ಬೊಬ್ಬೆಯೇ ಹುಣ್ಣಾಗಿ ಬೆರಳು ಕಳೆದುಕೊಳ್ಳುವ ಸ್ಥಿತಿ ಬರುತ್ತದೆ.

ತರಬೇತುದಾರರು ವೈದ್ಯರಲ್ಲ, ಆಗಬೇಕೆಂದು ನಾವು ಬಯಸುವುದೂ ಇಲ್ಲ. ಕೇಳುವುದು, ಅಳೆಯುವುದು, ಬರೆದಿಡುವುದು, ಅನುಮಾನವಿದ್ದರೆ ವೈದ್ಯರಲ್ಲಿಗೆ ಕಳುಹಿಸುವುದು ಇಷ್ಟೇ ಅವರ ಕೆಲಸ. ಮಾತ್ರೆ ನಿಲ್ಲಿಸಿರೆಂದು ಹೇಳುವ ಅಧಿಕಾರ ಅವರಿಗಿಲ್ಲ. ಎದೆಯನ್ನು ಒತ್ತಿ ಜೀವ ಉಳಿಸುವ ಸಿ.ಪಿ.ಆರ್. ಕ್ರಮ ಮಾತ್ರ ಅವರಿಗೆ ತಿಳಿದಿರಲೇಬೇಕು. ಯಾರಾದರೂ ಕುಸಿದು ಬಿದ್ದು ಉಸಿರಾಡದಿದ್ದರೆ 108ಕ್ಕೆ ಕರೆಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಸೇರುವ ದಿನ ಇದನ್ನು ಕಲಿತವರು ಯಾರಿದ್ದಾರೆಂದು ಕೇಳಲು ನಾಚಿಕೆ ಬೇಡ. ಎದೆನೋವು ಬಂದವರಿಗೆ ತಡಮಾಡದೆ ಇ.ಸಿ.ಜಿ. ತೆಗೆದು ಚಿಕಿತ್ಸೆ ಆರಂಭಿಸಲು ನಮ್ಮ ರಾಜ್ಯ ಸರ್ಕಾರ ಪುನೀತ್ ಅವರ ಹೆಸರಿನಲ್ಲಿಯೇ 'ಹೃದಯ ಜ್ಯೋತಿ' ಯೋಜನೆಯನ್ನು ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ತಂದಿದೆ. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿರಿ.

30 ವರ್ಷ ದಾಟಿದವರಿಗೆ ರಕ್ತದೊತ್ತಡ ಹಾಗೂ ಸಕ್ಕರೆಯ ತಪಾಸಣೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಅಲ್ಲಿನ ಚೀಟಿ, ನಿತ್ಯ ನುಂಗುವ ಮಾತ್ರೆಗಳ ಪಟ್ಟಿ, ಹಿಂದೆ ಆದ ಶಸ್ತ್ರಚಿಕಿತ್ಸೆಗಳ ವಿವರ, ಮನೆಯವರ ದೂರವಾಣಿ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮೊದಲ ದಿನ ಹೋಗಬೇಕು. ಸೊಂಟದ ಅಳತೆಯನ್ನೂ ಕುರ್ಚಿಯ ಎಣಿಕೆಯನ್ನೂ ಅದರ ಕೆಳಗೆ ದಿನಾಂಕ ಸಹಿತ ಬರೆಸಿ, ಮೂರು ತಿಂಗಳ ನಂತರ ಅದೇ ಕುರ್ಚಿ, ಅದೇ ಟೇಪಿನಿಂದ ಮತ್ತೊಮ್ಮೆ ನೋಡಿಸಬೇಕು. ಈ ನಡುವೆ ಹೊಸ ಮಾತ್ರೆ ಸೇರಿದ್ದರೆ, ಜ್ವರದಿಂದ ಎರಡು ವಾರ ಮಲಗಿ ಎದ್ದಿದ್ದರೆ, ಪ್ರಶ್ನೆಗಳನ್ನೂ ಮೊದಲಿನಿಂದ ಕೇಳಿಸಿಕೊಳ್ಳಬೇಕು.