ಅದ್ಭುತ ಕಥೆಗಳನ್ನು ಬರೆಯಲು ಕಲಿಸುವ ಕೈಪಿಡಿಗಳು

ನಮ್ಮ ಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರು ಬರೆಯುವ ಕಾಗದಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಪ್ರಶ್ನೆಯು ಕಾಣಿಸಿಕೊಳ್ಳುತ್ತಲಿದೆ. ವಿಜ್ಞಾನವನ್ನಾಧರಿಸಿದ ಕಲ್ಪಿತ ಕಥೆಗಳನ್ನೂ ಮಂತ್ರಮಾಯೆಗಳ ಅದ್ಭುತ ಕಥೆಗಳನ್ನೂ ಬರೆಯಬೇಕೆಂಬ ಆಶೆಯುಳ್ಳವರಿಗಾಗಿ ಆಂಗ್ಲ ಭಾಷೆಯಲ್ಲಿ ಅನೇಕ ಕೈಪಿಡಿಗಳಿವೆಯಷ್ಟೆ. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಕೊಂಡರೆ ಪ್ರಯೋಜನವುಂಟೆ, ಎಂದು ಅವರು ಕೇಳುತ್ತಾರೆ. ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆಯು ಬೇರೆ. ಇಲ್ಲದ ಲೋಕಗಳನ್ನು ಕುರಿತು ಬರೆಯುವುದರಲ್ಲಿ ಹುಡುಗಿಯ ಕಾಲವು ವ್ಯರ್ಥವಾಗುವುದಿಲ್ಲವೆ? ಮನಸ್ಸಿಗೆ ಬಂದುದನ್ನೆಲ್ಲ ಬರೆಯುವ ಸ್ವಚ್ಛಂದತೆಯು ಅವಳ ಬುದ್ಧಿಯನ್ನು ಸಡಿಲಗೊಳಿಸುವುದಿಲ್ಲವೆ? ಈ ಕೈಪಿಡಿಗಳಲ್ಲಿ ಕೆಲವನ್ನು ಗಮನವಿಟ್ಟು ಓದಿದ ಮೇಲೆ, ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವಿದೆಯೆಂದು ನಮಗೆ ತೋರಿದೆ. ಸ್ವಚ್ಛಂದತೆಯನ್ನು ಈ ಪುಸ್ತಕಗಳು ಎಲ್ಲಿಯೂ ಕಲಿಸುವುದಿಲ್ಲ. ಕಲ್ಪನೆಯು ಲೆಕ್ಕ ಒಪ್ಪಿಸಬೇಕೆಂದು ಕಲಿಸುತ್ತವೆ. ಹೇಳುವ ವಿಷಯವು ಎಷ್ಟು ಅಸಂಭವವೋ ಲೆಕ್ಕವು ಅಷ್ಟು ಕಟ್ಟುನಿಟ್ಟಾಗಿರಬೇಕೆಂದು ಒತ್ತಿ ಹೇಳುತ್ತವೆ.

ಇಂಥ ಪುಸ್ತಕಗಳಲ್ಲಿ ಮೊದಲಿನದೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು 1947ರಲ್ಲಿ ಅಮೇರಿಕದಲ್ಲಿ ಪ್ರಕಟವಾದ 'ಆಫ್ ವರ್ಲ್ಡ್ಸ್ ಬಿಯಾಂಡ್' ಎಂಬ ಚಿಕ್ಕ ಗ್ರಂಥವು. ಪೆನ್ಸಿಲ್ವೇನಿಯದ ರೆಡಿಂಗ್ ಎಂಬ ಪಟ್ಟಣದಲ್ಲಿ ಸ್ವಂತ ಪ್ರಕಾಶನವನ್ನು ನಡೆಸುತ್ತಿದ್ದ ಲಾಯ್ಡ್ ಆರ್ಥರ್ ಎಶ್‌ಬಾಕ್ ಎಂಬವರು ಏಳು ಮಂದಿ ಲೇಖಕರಿಂದ ಒಂದೊಂದು ಪ್ರಬಂಧವನ್ನು ಬರೆಯಿಸಿ ಇದನ್ನು ಸಂಪಾದಿಸಿದರು. ಆ ಏಳು ಮಂದಿಯ ಕಸಬುಗಳನ್ನು ನೋಡಿದರೆ ವಿನೋದವಾಗುತ್ತದೆ. ಜಾನ್ ಟೇನ್ ಎಂಬ ಹೆಸರಿನಿಂದ ಬರೆಯುತ್ತಿದ್ದವರು ಎರಿಕ್ ಟೆಂಪಲ್ ಬೆಲ್ ಎಂಬ ಗಣಿತಶಾಸ್ತ್ರಜ್ಞರು. ರಾಬರ್ಟ್ ಹೈನ್‌ಲೈನ್ ನೌಕಾಸೈನ್ಯದಿಂದ ನಿವೃತ್ತರಾದ ಅಧಿಕಾರಿ. ನಕ್ಷತ್ರಮಂಡಲಗಳ ಮಹಾಯುದ್ಧಗಳನ್ನು ವರ್ಣಿಸಿದ ಇ. ಇ. ಸ್ಮಿತ್ ರಸಾಯನಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದು ಡೋನಟ್ ಎಂಬ ಕರಿದ ತಿಂಡಿಯ ಹಿಟ್ಟಿನ ಮಿಶ್ರಣಗಳನ್ನು ಸಿದ್ಧಪಡಿಸುತ್ತಿದ್ದವರು. ಹೊಟ್ಟೆಪಾಡಿನ ಕೆಲಸಕ್ಕೂ ಕಲ್ಪನೆಗೂ ವೈರವಿದೆಯೆಂದು ಚಿಂತಿಸುವ ಪೋಷಕರು ಇದನ್ನು ಗಮನಿಸಬಹುದು.

ಈ ಗ್ರಂಥದಲ್ಲಿ ಹೈನ್‌ಲೈನರು ಕೊಟ್ಟ ಐದು ನಿಯಮಗಳು ಇಂದಿಗೂ ಬಾಯಿಂದ ಬಾಯಿಗೆ ಸಾಗಿ ಬರುತ್ತಿವೆ. ಬರೆಯಬೇಕು; ಆರಂಭಿಸಿದುದನ್ನು ಮುಗಿಸಬೇಕು; ಸಂಪಾದಕರು ಕೇಳಿದ ಹೊರತು ತಿದ್ದಿ ಬರೆಯಕೂಡದು; ಬರೆದುದನ್ನು ಪತ್ರಿಕೆಗೆ ಕಳುಹಿಸಬೇಕು; ತಿರುಗಿ ಬಂದರೆ ಮಾರಾಟವಾಗುವ ತನಕ ಮತ್ತೆ ಮತ್ತೆ ಕಳುಹಿಸುತ್ತಿರಬೇಕು. ಇಷ್ಟೇ. ಇವುಗಳಲ್ಲಿ ಮೊದಲನೆಯ ಎರಡನ್ನು ನಮ್ಮ ತರಗತಿಯ ಗೋಡೆಯ ಮೇಲೆ ಬರೆಯಿಸಬಹುದು. ಏಕೆಂದರೆ ಅರ್ಧದಲ್ಲಿ ನಿಂತ ಕಥೆಗಳಿಂದ ತುಂಬಿದ ನೋಟುಪುಸ್ತಕಗಳನ್ನು ನಾವು ಕಂಡಷ್ಟು ಬೇರೆ ಯಾರೂ ಕಂಡಿರಲಾರರು. ಮೂರನೆಯ ನಿಯಮವನ್ನು ಮಾತ್ರ ನಾವು ಒಪ್ಪಲಾರೆವು. ಒಂದೊಂದು ಪದಕ್ಕೆ ಇಷ್ಟೆಂದು ಹಣ ಪಡೆದು ಜೀವಿಸುತ್ತಿದ್ದ, ಕೈಪಳಗಿದ ಲೇಖಕನಿಗೆ ಅದು ಸರಿಯಾಗಿದ್ದಿರಬಹುದು. ಕಲಿಯುತ್ತಿರುವವಳಿಗೆ ತಿದ್ದುವುದೇ ಕಲಿಕೆಯಲ್ಲವೆ?

ಅದೇ 1947ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಇನ್ನೊಂದು ಬರವಣಿಗೆಯು ಕೈಪಿಡಿಯಲ್ಲದಿದ್ದರೂ ಮುಂದೆ ಬಂದ ಕೈಪಿಡಿಗಳಿಗೆಲ್ಲ ತಳಹದಿಯಾಯಿತು. ಅದು ಜೆ. ಆರ್. ಆರ್. ಟೋಲ್ಕಿನ್ ಎಂಬ ಪ್ರಾಧ್ಯಾಪಕರು 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಅದ್ಭುತ ಕಥೆಗಳನ್ನು ಕುರಿತು ಮಾಡಿದ ಉಪನ್ಯಾಸ. ಹಸುರು ಸೂರ್ಯನೆಂದು ಯಾರಾದರೂ ಹೇಳಬಹುದು, ಹೇಳುವುದಕ್ಕೆ ಏನೂ ಶ್ರಮವಿಲ್ಲ; ಆದರೆ ಆ ಹಸುರು ಸೂರ್ಯನು ನಂಬತಕ್ಕವನಾಗುವಂಥ ಒಂದು ಲೋಕವನ್ನು ನಿರ್ಮಿಸುವುದಕ್ಕೆ ಶ್ರಮವೂ ಚಿಂತನೆಯೂ ಬೇಕೆಂಬುದು ಅವರ ವಾದದ ತಿರುಳು.

ಈ ಮಾತಿನ ಅರ್ಥವನ್ನು ಪೂರ್ಣವಾಗಿ ತಿಳಿಯಬೇಕಾದರೆ ಹಾಲ್ ಕ್ಲೆಮೆಂಟ್ ಎಂಬವರ ಬಳಿಗೆ ಹೋಗಬೇಕು. ಇವರು ಮೆಸಾಚುಸೆಟ್ಸ್ ಪ್ರಾಂತದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದವರು. ಆದುದರಿಂದ ಇವರ ಮೇಲೆ ನಮಗೆ ಸ್ವಲ್ಪ ಪಕ್ಷಪಾತವಿದ್ದರೆ ವಾಚಕರು ಕ್ಷಮಿಸಬೇಕು. 1953ರಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಇವರ 'ಮಿಶನ್ ಆಫ್ ಗ್ರಾವಿಟಿ' ಎಂಬ ಕಾದಂಬರಿಯು ಧಾರಾವಾಹಿಯಾಗಿ ಬರುತ್ತಿದ್ದಾಗಲೇ, ಅದರಲ್ಲಿನ ಗ್ರಹವನ್ನು ತಾವು ಹೇಗೆ ಕಟ್ಟಿದೆವೆಂದು ವಿವರಿಸುವ ಒಂದು ಲೇಖನವನ್ನೂ ಇವರು ಅದೇ ಪತ್ರಿಕೆಯಲ್ಲಿ ಬರೆದರು. ಹಂಸ ನಕ್ಷತ್ರಪುಂಜದ 61ನೆಯ ನಕ್ಷತ್ರಕ್ಕೆ ಕಣ್ಣಿಗೆ ಕಾಣದ ದೊಡ್ಡದೊಂದು ಸಂಗಾತಿಯಿದೆಯೆಂದು ಖಗೋಳಶಾಸ್ತ್ರಜ್ಞರು 1943ರಲ್ಲಿ ಹೇಳಿದ್ದರು. ಕ್ಲೆಮೆಂಟರು ಅದನ್ನೇ ಗ್ರಹವೆಂದು ಭಾವಿಸಿ, ಮೆಸ್ಕ್ಲಿನ್ ಎಂದು ಹೆಸರಿಟ್ಟು, ಸುಮಾರು 18 ನಿಮಿಷಗಳಲ್ಲಿ ಒಂದು ಸುತ್ತು ತಿರುಗುವಂತೆ ಮಾಡಿದರು. ಇಷ್ಟು ವೇಗದಿಂದ ತಿರುಗುವ ಗ್ರಹವು ದುಂಡಗಿರಲಾರದು, ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಅದರ ನಡುರೇಖೆಯಲ್ಲಿ ವಸ್ತುಗಳ ಭಾರವು ನಮ್ಮ ಭೂಮಿಯಲ್ಲಿರುವುದರ ಮೂರು ಪಟ್ಟು; ಧ್ರುವಗಳಲ್ಲಿಯೋ ಸುಮಾರು 700 ಪಟ್ಟು! ಅಲ್ಲಿ ಬದುಕತಕ್ಕ ಪ್ರಾಣಿಯು ಹೇಗಿರಬೇಕು? ಜರಿಯಂತೆ ಉದ್ದವಾಗಿ, ನೆಲಕ್ಕೆ ಅಂಟಿಕೊಂಡು, ಅನೇಕ ಕಾಲುಗಳುಳ್ಳದ್ದಾಗಿರಬೇಕು. ಅಂಗೈ ಅಗಲದ ಎತ್ತರದಿಂದ ಬಿದ್ದರೂ ಸಾವು. ಆದಕಾರಣ ಎತ್ತರವೆಂದರೆ ಅವುಗಳಿಗೆ ಪ್ರಾಣಭಯ. ತಲೆಯ ಮೇಲೆ ಏನಾದರೊಂದು ಇರುವುದೂ ಭಯವೇ. ನೆಗೆಯುವುದು, ಎಸೆಯುವುದು ಎಂಬ ಕ್ರಿಯೆಗಳೇ ಅವುಗಳ ಆಲೋಚನೆಯೊಳಗೆ ಇಲ್ಲ.

ಗ್ರಹದ ತಿರುಗುವಿಕೆಯಿಂದ ಹೊರಟ ಲೆಕ್ಕವು ಪ್ರಾಣಿಯ ದೇಹಕ್ಕೆ ಬಂದು, ದೇಹದಿಂದ ಮನಸ್ಸಿಗೆ ಬಂದು, ಮನಸ್ಸಿನಿಂದ ಮಾತಿಗೆ ಬಂದು ಮುಟ್ಟಿದ ಬಗೆಯನ್ನು ನೋಡಿರಿ. ಇದೇ ಈ ವಿದ್ಯೆಯ ಸಾರವು. ಹೊಸದೊಂದನ್ನು ಊಹಿಸುವುದು ಕ್ಷಣದ ಕೆಲಸ. ಅದರಿಂದ ಏನೇನು ಆಗಲೇಬೇಕೆಂದು ಹಿಂಬಾಲಿಸಿ ಹೋಗುವುದು ತಿಂಗಳುಗಳ ಕೆಲಸ. ಇದು ವಾಚಕನಿಗೂ ಲೇಖಕನಿಗೂ ನಡೆಯುವ ಒಂದು ಆಟ, ಲೇಖಕನ ತಪ್ಪನ್ನು ಕಂಡುಹಿಡಿಯುವುದೇ ವಾಚಕನ ಗೆಲುವು, ಎಂಬುದು ಕ್ಲೆಮೆಂಟರ ಅಭಿಪ್ರಾಯವಾಗಿತ್ತು. ಆ ನಕ್ಷತ್ರಕ್ಕೆ ಅಂಥ ಸಂಗಾತಿಯಿರುವುದು ಮುಂದಿನ ಪರೀಕ್ಷೆಗಳಿಂದ ದೃಢಪಡಲಿಲ್ಲ. ಆದಾಗ್ಯೂ ಕಥೆಯು ಕೆಡಲಿಲ್ಲ. ಅದರ ಒಳಗಿನ ಲೆಕ್ಕವು ತನ್ನ ಕಾಲಿನ ಮೇಲೆ ತಾನು ನಿಂತಿದೆ. ಸುಳ್ಳಿಗೂ ಕಲ್ಪನೆಗೂ ಇರುವ ಭೇದವನ್ನು ಕೇಳುವ ತಾಯಂದಿರಿಗೆ ನಾವು ತೋರಿಸುವುದು ಈ ಉದಾಹರಣೆಯನ್ನೇ.

ಮಂತ್ರಮಾಯೆಗಳ ಕಥೆಗೂ ಇದೇ ಕಟ್ಟಳೆಯೆಂದು ತಿಳಿಸುವ ಪುಸ್ತಕವು ಆರ್ಸನ್ ಸ್ಕಾಟ್ ಕಾರ್ಡ್ ಎಂಬವರು 1990ರಲ್ಲಿ ಪ್ರಕಟಿಸಿದ 'ಹೌ ಟು ರೈಟ್ ಸೈನ್ಸ್ ಫಿಕ್ಷನ್ ಆಂಡ್ ಫ್ಯಾಂಟಸಿ'. ಮರುವರ್ಷ ಇದಕ್ಕೆ ಹ್ಯೂಗೋ ಬಹುಮಾನವು ದೊರೆಯಿತು. ಮಂತ್ರಕ್ಕೆ ಬೆಲೆಯಿರಬೇಕು, ಮಾಂತ್ರಿಕನು ಏನನ್ನಾದರೂ ಕಳೆದುಕೊಳ್ಳದೆ ಏನನ್ನೂ ಪಡೆಯಕೂಡದು, ಎಂದು ಕಾರ್ಡರು ಹೇಳುತ್ತಾರೆ. ಕೈಬೀಸಿದ ಮಾತ್ರಕ್ಕೆ ಎಲ್ಲವೂ ನಡೆಯುವ ಕಥೆಯಲ್ಲಿ ನಾಯಕಿಗೆ ಕಷ್ಟವೇ ಇಲ್ಲ. ಕಷ್ಟವಿಲ್ಲದ ಮೇಲೆ ಓದುವವರಿಗೆ ಆತಂಕವೆಲ್ಲಿಂದ ಬರಬೇಕು? ಇದಲ್ಲದೆ ಕಥೆಯ ಆದ್ಯಂತಗಳ ವಿಷಯವಾಗಿ ಅವರು ಕೊಟ್ಟಿರುವ ವಿಭಾಗವು ತರಗತಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅಪರಿಚಿತ ದೇಶಕ್ಕೆ ಹೋದ ಕಥೆಯು ಅಲ್ಲಿಂದ ಮರಳಿದಾಗ ಅಥವಾ ಅಲ್ಲಿಯೇ ನೆಲೆಸಿದಾಗ ಮುಗಿಯುತ್ತದೆ. ಪ್ರಶ್ನೆಯಿಂದ ಆರಂಭವಾದುದು ಉತ್ತರದಿಂದ. ತನ್ನ ಬಾಳಿನಲ್ಲಿ ಅತೃಪ್ತಿಗೊಂಡ ವ್ಯಕ್ತಿಯದು ಅವಳ ಸ್ಥಿತಿಯು ಬದಲಾದಾಗ. ಲೋಕದ ಕ್ರಮವು ಕೆಟ್ಟುದರ ಕಥೆಯು ಕ್ರಮವು ನೆಲೆಗೊಂಡಾಗ. ಮಕ್ಕಳು ಕಥೆಗಳನ್ನು ಅರ್ಧದಲ್ಲಿ ಬಿಡುವುದಕ್ಕೆ ಕಾರಣವು ಬಹುಮಟ್ಟಿಗೆ ಸೋಮಾರಿತನವಲ್ಲ. ತಾವು ಯಾವ ಬಗೆಯ ಕಥೆಯನ್ನು ಆರಂಭಿಸಿದೆವೆಂದು ತಿಳಿಯದಿರುವುದೇ ಕಾರಣ.

ಇಲ್ಲಿಯ ತನಕ ಹೇಳಿದುದು ವಸ್ತುವಿನ ಮಾತು. ಭಾಷೆಯ ವಿಷಯಕ್ಕೆ ಬಂದರೆ ಅರ್ಸುಲ ಕೆ. ಲಗ್ವಿನ್ ಎಂಬ ಗ್ರಂಥಕರ್ತ್ರಿಗೆ ಸರಿಗಟ್ಟುವವರನ್ನು ನಾವು ಕಾಣೆವು. 2018ರಲ್ಲಿ ತೀರಿಕೊಂಡ ಈಕೆಯು 1973ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಬಹು ಚತುರವಾದ ಪರೀಕ್ಷೆಯೊಂದನ್ನು ಮಾಡಿ ತೋರಿಸಿದ್ದಾಳೆ. ಒಂದು ಅದ್ಭುತ ಕಾದಂಬರಿಯಿಂದ ರಾಜಪುರುಷರ ಸಂಭಾಷಣೆಯನ್ನೆತ್ತಿಕೊಂಡು, ನಾಲ್ಕೈದು ಪದಗಳನ್ನು ಮಾತ್ರ ಬದಲಾಯಿಸಿದಳು. ಒಡನೆಯೇ ಅದು ವಾಷಿಂಗ್ಟನ್ ನಗರದ ರಾಜಕಾರಣಿಗಳ ಹರಟೆಯಾಗಿ ಹೋಯಿತು! ಇಲ್ಲದ ಲೋಕವು ಇರುವುದು ಮಾತಿನಲ್ಲಿ ಮಾತ್ರವೇ ಆದುದರಿಂದ ಮಾತು ಕೆಟ್ಟರೆ ಲೋಕವೇ ಇಲ್ಲವೆಂದು ಅವಳ ತೀರ್ಮಾನ. ನಮ್ಮ ಹುಡುಗಿಯರ ಕಥೆಗಳಲ್ಲಿ ಚಂದ್ರಲೋಕದ ರಾಣಿಯು ಕಚೇರಿಯ ಸುತ್ತೋಲೆಯ ಕನ್ನಡದಲ್ಲಿ ಮಾತಾಡುವುದನ್ನು ಓದಿದವರಿಗೆ ಇದರ ಸತ್ಯವು ತಿಳಿಯುತ್ತದೆ.

ಲಗ್ವಿನಳ ಕೈಪಿಡಿಯಾದ 'ಸ್ಟಿಯರಿಂಗ್ ದ ಕ್ರಾಫ್ಟ್' 1998ರಲ್ಲಿ ಬಂದು, 2015ರಲ್ಲಿ ಪರಿಷ್ಕೃತವಾಯಿತು. ಇದು ಅದ್ಭುತ ಕಥೆಗೆ ಮಾತ್ರ ಮೀಸಲಾದುದಲ್ಲ, ಎಲ್ಲ ಕಥೆಗಾರರಿಗೂ ಬರೆದುದು. ಉಪದೇಶಕ್ಕಿಂತ ಅಭ್ಯಾಸಗಳೇ ಇದರಲ್ಲಿ ಮುಖ್ಯ. ವಿಶೇಷಣಗಳನ್ನೂ ಕ್ರಿಯಾವಿಶೇಷಣಗಳನ್ನೂ ಬಿಟ್ಟು ಒಂದು ಪುಟ ಬರೆಯಿರಿ. ವಿರಾಮಚಿಹ್ನೆಗಳೇ ಇಲ್ಲದೆ ಒಂದು ಪುಟ ಬರೆಯಿರಿ. ಬರೆದುದನ್ನು ಅರ್ಧಕ್ಕೆ ಇಳಿಸಿರಿ. ಒಂದೇ ಪ್ರಸಂಗವನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳಿರಿ. ಮೇಲಿನ ತರಗತಿಗಳಲ್ಲಿ ಇವುಗಳನ್ನು ಮಾಡಿಸಿ ನೋಡಿದಾಗ ನಮಗೆ ಒಂದು ವಿಷಯವು ಸ್ಪಷ್ಟವಾಯಿತು: ಆಂಗ್ಲರಿಗೆ ಕಷ್ಟವಾದುದೇ ನಮಗೂ ಕಷ್ಟವಾಗಬೇಕೆಂದಿಲ್ಲ. ವಿರಾಮಚಿಹ್ನೆಗಳಿಲ್ಲದ ಆಂಗ್ಲ ಪುಟವು ಕಾಡಿನಂತಿರುತ್ತದೆ. ಕನ್ನಡದಲ್ಲಿಯೋ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ನಿಂತು ತಾನೇ ಚಿಹ್ನೆಯಾಗುತ್ತದೆ. ನಮ್ಮ ಓಲೆಗರಿಗಳಲ್ಲಿ ಅಲ್ಪವಿರಾಮಗಳೆಲ್ಲಿದ್ದವು? ಈ ಅಭ್ಯಾಸವನ್ನು ಹುಡುಗಿಯರು ನಗುನಗುತ್ತ ಮುಗಿಸಿದರು. ವಿಶೇಷಣಗಳನ್ನು ಬಿಡುವುದರಿಂದ ಮಾತ್ರ ತುಂಬ ಲಾಭವಾಯಿತು. 'ರಮಣೀಯ', 'ಮನೋಹರ', 'ಅವರ್ಣನೀಯ' ಎಂಬವುಗಳು ಹೊರಟು ಹೋದ ಮೇಲೆ ಬೆಟ್ಟವು ಬೆಟ್ಟದಂತೆ ಕಾಣಿಸಿತು. ಆದರೆ 'ದಡದಡನೆ', 'ಸರಕ್ಕನೆ', 'ಗುಳುಗುಳು' ಎಂಬ ನಮ್ಮ ಅನುಕರಣ ಶಬ್ದಗಳನ್ನೂ ಈ ನಿಯಮದಿಂದ ಹೊಡೆದುಹಾಕಬಾರದೆಂದು ನಮ್ಮ ಮತ. ಅವು ಕನ್ನಡದ ಉಸಿರು. ಆಂಗ್ಲ ಕೈಪಿಡಿಯು ಅವುಗಳನ್ನು ಅರಿಯದು.

ಕೈಪಿಡಿಯ ವೇಷದಲ್ಲಿರುವ ಒಂದು ಹಾಸ್ಯಗ್ರಂಥವನ್ನೂ ಹೇಳಬೇಕು. ಇಂಗ್ಲೆಂಡಿನ ಡಯಾನ ವಿನ್ ಜೋನ್ಸ್ 1996ರಲ್ಲಿ ಬರೆದ 'ದ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಎಂಬುದು ಅಕಾರಾದಿಯಾಗಿ ಜೋಡಿಸಿದ ಪ್ರವಾಸಿಗಳ ದರ್ಶಿಕೆಯಂತಿದೆ. ಇತರರು ಬರೆದು ಬರೆದು ಸವೆಯಿಸಿದ ಅದ್ಭುತ ಲೋಕದಲ್ಲಿ ಕುದುರೆಗಳು ದಣಿಯುವುದೇ ಇಲ್ಲ. ಬಯಲಿನಲ್ಲಿ ತಂಗಿದ ದಾರಿಗರು, ಬೇಯಲು ಬಹಳ ಹೊತ್ತು ಹಿಡಿಯುವ ಮಾಂಸದ ಸಾರನ್ನೇ ಯಾವಾಗಲೂ ಉಣ್ಣುತ್ತಾರೆ. ಮೊದಲ ಪುಟದ ಭೂಪಟದಲ್ಲಿ ಕಾಣಿಸಿದ ಊರುಗಳೆಲ್ಲವನ್ನೂ ಸುತ್ತದೆ ಕಥೆಯು ಮುಗಿಯುವುದಿಲ್ಲ. ಹಿಮವನ್ನು ಕಣ್ಣಿನಿಂದ ನೋಡದ ಹುಡುಗಿಯು ಹಿಮಚ್ಛಾದಿತ ಕೋಟೆಯನ್ನೂ ಓಕ್ ಮರಗಳನ್ನೂ ವರ್ಣಿಸಲು ಹೊರಟಾಗ ಈ ಪುಸ್ತಕವನ್ನು ಅವಳ ಕೈಗೆ ಕೊಡಬೇಕು. ಆಂಗ್ಲ ಕೈಪಿಡಿಗಳಿಂದ ನಾವು ಎತ್ತಿಕೊಳ್ಳತಕ್ಕದ್ದು ಲೆಕ್ಕದ ಕ್ರಮವನ್ನೇ ಹೊರತು ಅವರ ಮನೆಯ ಸಾಮಾನುಗಳನ್ನಲ್ಲ. ತನಗಿಂತ ಬೇರೆ ಕುಲ, ಮತ, ಪ್ರಾಯದವರನ್ನು ಕುರಿತು ಬರೆಯುವವರು ವಹಿಸಬೇಕಾದ ಎಚ್ಚರವನ್ನು ತಿಳಿಸುವ 'ರೈಟಿಂಗ್ ದ ಅದರ್' ಎಂಬ ಪುಸ್ತಕವನ್ನು ನಿಸಿ ಶಾಲ್, ಸಿಂಥಿಯ ವಾರ್ಡ್ ಎಂಬ ಇಬ್ಬರು 2005ರಲ್ಲಿ ಬರೆದಿದ್ದಾರೆ. ಅದು ಚಿಕ್ಕದು, ದೊಡ್ಡವರು ಓದತಕ್ಕದ್ದು.

ಹಳೆಯ ಕೈಪಿಡಿಗಳಲ್ಲಿ ಪತ್ರಿಕೆಗಳಿಗೆ ಹಸ್ತಪ್ರತಿ ಕಳುಹಿಸುವ ಕ್ರಮ, ಅಂಚೆಯ ಲಕೋಟೆ, ಸಂಭಾವನೆಯ ದರ ಇತ್ಯಾದಿಗಳಿಗೆ ಮೀಸಲಾದ ಅಧ್ಯಾಯಗಳು ಈಗ ನಿರುಪಯುಕ್ತವಾಗಿವೆ. ಕೊಳ್ಳುವುದಾದರೆ ಲಗ್ವಿನಳ ಪುಸ್ತಕವನ್ನು ಮೊದಲು ಕೊಳ್ಳಿರಿ, ಅನಂತರ ಕಾರ್ಡರದನ್ನು. ಆದರೆ ಎರಡು ಮೂರು ಕಥೆಗಳನ್ನಾದರೂ ಬರೆದು ಮುಗಿಸುವುದಕ್ಕೆ ಮುಂಚೆ ಯಾವುದನ್ನೂ ಕೊಳ್ಳಬೇಡಿರಿ. ತನ್ನ ಕಥೆಯು ಎಲ್ಲಿ ಕುಂಟಿತೆಂದು ತಿಳಿಯದವಳಿಗೆ ಔಷಧದ ಪಟ್ಟಿಯಿಂದೇನು?

ಕೈಪಿಡಿಗಳೇ ಇಲ್ಲದ ಕಾಲದಲ್ಲಿ ಈ ಲೆಕ್ಕವನ್ನು ಸರಿಯಾಗಿ ಒಪ್ಪಿಸಿದ ಸ್ತ್ರೀಯೊಬ್ಬಳು ನಮ್ಮ ದೇಶದಲ್ಲಿಯೇ ಇದ್ದಳು. ಬಂಗಾಳದ ಪರ್ದಾ ಮನೆತನದಲ್ಲಿ 1880ರಲ್ಲಿ ಹುಟ್ಟಿದ ರುಕಿಯಾ ಸಖಾವತ್ ಹುಸೇನ್ ಶಾಲೆಗೆ ಹೋದವಳಲ್ಲ. ಅಣ್ಣನಿಂದ ಆಂಗ್ಲ ಭಾಷೆಯನ್ನು ಕಲಿತಳು. ಪತಿಯು ಸರಕಾರಿ ಕೆಲಸದ ಮೇಲೆ ಊರೂರು ತಿರುಗುತ್ತಿದ್ದಾಗ ಹೊತ್ತು ಕಳೆಯುವುದಕ್ಕೆಂದು ಅವಳು ಬರೆದ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆಯು 1905ರಲ್ಲಿ, ಕಮಲಾ ಸತ್ಯನಾಥನ್ ಎಂಬ ಕ್ರೈಸ್ತ ಮಹಿಳೆಯು ಮದ್ರಾಸಿನಲ್ಲಿ ನಡೆಸುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡಸರು ಅಂತಃಪುರದಲ್ಲಿದ್ದು ಹೆಂಗಸರು ರಾಜ್ಯವಾಳುವ ನಾಡಿನ ಕಥೆಯದು. ಒಂದೇ ಒಂದನ್ನು ತಿರುವಿಹಾಕಿ, ಮಿಕ್ಕುದನ್ನೆಲ್ಲ ಅದರಿಂದ ಹೊರಡಿಸಿದ್ದಾಳೆ. ಹೆಂಗಸರ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಮೋಡದಿಂದ ನೇರವಾಗಿ ನೀರಿಳಿಸುವ ಬೆಲೂನನ್ನು ಕಂಡುಹಿಡಿಯುತ್ತದೆ, ಮತ್ತೊಂದು ಸೂರ್ಯನ ಶಾಖವನ್ನು ಕೂಡಿಡುವ ಯಂತ್ರವನ್ನು. ಆದುದರಿಂದ ಅಡುಗೆಮನೆಯಲ್ಲಿ ಹೊಗೆಯಿಲ್ಲ. ಅದೇ ಶಾಖದಿಂದ ಯುದ್ಧದಲ್ಲಿ ಶತ್ರುಗಳು ಓಡಿಹೋಗುತ್ತಾರೆ. ಕ್ಲೆಮೆಂಟರ ಗ್ರಹಕ್ಕಿಂತ ಸುಮಾರು ಅರ್ಧ ಶತಮಾನದ ಮೊದಲು ಇದು ನಡೆಯಿತು. 1911ರಲ್ಲಿ ಅವಳು ಕಲ್ಕತ್ತೆಯಲ್ಲಿ ಎಂಟು ಮಂದಿ ವಿದ್ಯಾರ್ಥಿನಿಯರಿಂದ ಒಂದು ಬಾಲಿಕಾ ಪಾಠಶಾಲೆಯನ್ನು ನಡೆಸತೊಡಗಿ, 1932ರಲ್ಲಿ ತೀರಿಕೊಳ್ಳುವ ತನಕ ಅದನ್ನು ನೋಡಿಕೊಂಡಳು. ಅವಳ ಕಥೆಯನ್ನು ಒಂದು ಸಾಯಂಕಾಲದಲ್ಲಿ ಓದಿ ಮುಗಿಸಬಹುದು. ಮೇಲೆ ಹೇಳಿದ ಕೈಪಿಡಿಗಳೊಂದಿಗೆ ಅದರ ಪ್ರತಿಯೊಂದು ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿದೆ, ಹಳೆಯ ವಿದ್ಯಾರ್ಥಿನಿಯರೂ ಬಂದು ಓದಬಹುದು.